ಏಪ್ರಿಲ್ ಬಿಸಿಲಿನಲ್ಲಿ ತುಂಬುತೋಳಿನ ಅಂಗಿ

ಕಲಬುರಗಿಯ ಏಪ್ರಿಲ್ ಹೆಂಗಿರ್ತದ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. 42, 43 ಡಿಗ್ರಿ. ಗಂಜಿನಲ್ಲಿ, ಅಂದರೆ ಕಾಳುಕಡಿ ಮಾರುಕಟ್ಟೆಯಲ್ಲಿ, ಹಮಾಲರು ಹನ್ನೊಂದು ಹೊಡೆಯುವುದರೊಳಗೆ ಚೀಲ ಇಳಿಸಿ ನೆರಳು ಹಿಡಿಯುತ್ತಾರೆ. ಮಧ್ಯಾಹ್ನ ನಳ ತಿರುವಿದರೆ ಕೈ ಸುಡುವ ನೀರು. ಅಂಥ ಬಿಸಿಲಿನಲ್ಲಿ ನನ್ನ ಮಗ ತುಂಬುತೋಳಿನ ಅಂಗಿ ಹಾಕಿಕೊಂಡು, ಮಣಿಕಟ್ಟಿನ ಗುಂಡಿ ಕೂಡ ಬಿಚ್ಚದೆ ಮನೆಯೊಳಗೆ ಇರುತ್ತಿದ್ದ. ಹದಿನೈದು ದಿನ ಹಂಗೇ ಇದ್ದ. ನಾನು ನೋಡಿದೆ. ನೋಡಿ, "ಏನಪಾ, ಆಫೀಸ್ ಸಾಹೇಬ ಆಗೀದಿ?" ಅಂತ ನಕ್ಕೆ.

ನಾನು ನೆಹರೂ ಗಂಜಿನ ಒಂದು ಅಡತ್ (ದಲಾಲಿ) ಅಂಗಡಿಯಲ್ಲಿ ಲೆಕ್ಕ ಬರೆಯುವವ. ಇಪ್ಪತ್ತಾರು ವರ್ಷವಾಯಿತು. ಸಂಜೆ ಗಲ್ಲೆಯಲ್ಲಿ ಹತ್ತು ರೂಪಾಯಿ ಹೆಚ್ಚು ಬಂದರೂ ಮನೆಗೆ ಹೋಗದೆ ಕೂತು ಹುಡುಕಿದ್ದೇನೆ. ಮಗನ ಅಂಗಿಯ ತೋಳು ಮಾತ್ರ ನನ್ನ ಲೆಕ್ಕಕ್ಕೆ ಹತ್ತಲಿಲ್ಲ.

ಇದನ್ನು ಬರೆಯಲಿಕ್ಕೆ ಅವನ ಒಪ್ಪಿಗೆ ಕೇಳಿದ್ದೇನೆ. ಎರಡು ಶರತ್ತು ಹಾಕಿದ. ಅವನ ಹೆಸರು ಬರಬಾರದು, ದವಾಖಾನೆಯ ಹೆಸರೂ ಬರಬಾರದು. ಮರುದಿನ ಮೂರನೆಯದು ಸೇರಿಸಿದ: "ಅಳೋ ಸೀನ್ ಬ್ಯಾಡ." ಆಗಲಿ ಅಂದೆ.

ಎಸ್ಸೆಸ್ಸೆಲ್ಸಿಯಲ್ಲಿ ಅವನಿಗೆ ಚಲೋ ಮಾರ್ಕ್ಸ್ ಬಂದಿದ್ದವು. ನಮ್ಮ ಓಣಿಯಲ್ಲಿ ಅಂಥ ಹುಡುಗನ ಅಪ್ಪನಿಗೆ ಎಲ್ಲರೂ ಹೇಳುವ ಮಾತು ಒಂದೇ: "ರೆಸಿಡೆನ್ಷಿಯಲ್‌ಗೆ ಹಾಕ್ರಿ." ಹಾಕಿದೆವು, ಬೇರೆ ಜಿಲ್ಲೆಯ ಒಂದು ಕಾಲೇಜಿಗೆ. ಪಿಯು ಜೊತೆಗೆ ನೀಟ್. ಮುಂಜಾನೆ ಐದಕ್ಕೆ ಎಬ್ಬಿಸುವುದು, ರಾತ್ರಿ ಹತ್ತೂವರೆಯ ತನಕ ಓದು. ಮನೆಗೆ ಫೋನ್ ಮಾಡಲು ತಿಂಗಳಿಗೆ ಎರಡು ಸಲ, ಹತ್ತತ್ತು ನಿಮಿಷ. ವಾರದ ಪರೀಕ್ಷೆಯ ರ್‍ಯಾಂಕ್ ಮಾತ್ರ ಪ್ರತಿ ಸೋಮವಾರ ತಪ್ಪದೆ ನನ್ನ ವಾಟ್ಸಾಪಿಗೆ ಬರುತ್ತಿತ್ತು. 41, 77, 130, 212. ತೊಗರಿ ಧಾರಣೆ ಬಿದ್ದದ್ದನ್ನು ಓದಿದ ಹಾಗೆ ಓದಿದೆ. ಧಾರಣೆ ಬಿದ್ದರೆ ಮಾಲು ಮಾರಲಿಕ್ಕೆ ಅವಸರ ಮಾಡಬಾರದು, ಗೋದಾಮಿನಲ್ಲಿ ಇಟ್ಟು ಕಾಯಬೇಕು ಅಂತ ರೈತರಿಗೆ ಬುದ್ಧಿ ಹೇಳುವವ ನಾನು. ಮಗನ ಧಾರಣೆ ಬಿದ್ದಾಗ ವಾರ್ಡನ್‌ಗೆ ಫೋನ್ ಮಾಡಿ "ಜರಾ ಬಿಗಿ ಮಾಡ್ರಿ ಸರ್" ಅಂದೆ.

ಮೊದಲ ವರ್ಷದ ಪರೀಕ್ಷೆ ಮುಗಿಸಿ ಮಾರ್ಚ್‌ನಲ್ಲಿ ಮನೆಗೆ ಬಂದವ ಮತ್ತೆ ಹೋಗಲಿಲ್ಲ. ಹಗಲೆಲ್ಲ ಮಲಗುವುದು, ರಾತ್ರಿ ಎಚ್ಚರ. ನಾಲ್ಕು ರೊಟ್ಟಿ ತಿನ್ನುತ್ತಿದ್ದವನಿಗೆ ಅರ್ಧ ರೊಟ್ಟಿ ಇಳಿಯುತ್ತಿರಲಿಲ್ಲ. ಗೆಳೆಯರು ಬಾಗಿಲಿಗೆ ಬಂದರೆ "ಇಲ್ಲಂತ ಹೇಳು" ಅಂತ ತಂಗಿಗೆ ಸನ್ನೆ.

ನಮ್ಮ ಅವ್ವ ಗಾಳಿ ಅಂದಳು. ಗಾಣಗಾಪುರಕ್ಕೆ ಹೋಗೋಣ ಅಂದಳು. ಹೋದೆವು. ಭೀಮಾ-ಅಮರ್ಜಾ ಸಂಗಮದಲ್ಲಿ ಮುಳುಗೆದ್ದು, ಮಧ್ಯಾಹ್ನದ ಮಹಾಮಂಗಳಾರತಿಗೆ ನಿಂತೆವು. ನೋಡಿದವರಿಗೆ ಗೊತ್ತು, ಗಂಟೆ ಶುರುವಾದ ಕೂಡಲೇ ಬಾಧೆ ಇದ್ದವರು ಚೀರುತ್ತಾರೆ, ಕಂಬ ಏರುತ್ತಾರೆ, ಜೋತು ಬೀಳುತ್ತಾರೆ. ಅವ್ವ ದೇವರ ಕಡೆ ನೋಡಲೇ ಇಲ್ಲ. ಇವನೂ ಈಗ ಚೀರಿಯಾನು ಅಂತ ಮೊಮ್ಮಗನ ಮುಖವನ್ನೇ ನೋಡುತ್ತ ನಿಂತಿದ್ದಳು. ಅವ ಅಲುಗಾಡಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಒಂದೇ ಮಾತು ಅಂದ.

"ಅವರಿಗರೆ ಚೀರಲಾಕ ಒಂದು ಜಾಗ ಅದ."

ಅವ್ವನನ್ನು ಈಗ ಬೈಯುವವರು ಇದ್ದಾರೆ. ನಾನು ಬೈಯುವುದಿಲ್ಲ. ಹುಡುಗನಿಗೆ ಏನೋ ಆಗಿದೆ ಅಂತ ಮನೆಯಲ್ಲಿ ಮೊದಲು ಒಪ್ಪಿದವಳು ಅವಳೇ. ನಾನು ಆಗಿನ್ನೂ "ಮೈಗಳ್ಳತನ" ಅನ್ನುತ್ತಿದ್ದೆ.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಫ್ಯಾನ್ ನಿಂತು, ಸೆಕೆಗೆ ನಿದ್ದೆಗಣ್ಣಿನಲ್ಲಿ ಅವ ತೋಳು ಮೇಲೇರಿಸಿದ್ದಾನೆ. ನನ್ನ ಹೆಂಡತಿ ಸರ್ಕಾರಿ ಸಾಲಿಯಲ್ಲಿ ಟೀಚರು, ರಜೆ ಇತ್ತು, ನೀರು ಕೊಡಲು ಹೋದವಳು ನೋಡಿದಳು. ಮೊಣಕೈ ಕೆಳಗೆ ಗೀರುಗಳು, ಹಳೆಯವು, ಹೊಸವು. ಅಂಗಡಿಗೆ ಫೋನ್ ಮಾಡಿ "ಬರ್ರಿ" ಅಂದಳು. ಬೇರೆ ಏನೂ ಅನ್ನಲಿಲ್ಲ.

ಆ ರಾತ್ರಿ ಎರಡು ಗಂಟೆಗೆ ಅವಳೇ 14416ಕ್ಕೆ ಫೋನ್ ಹಚ್ಚಿದಳು. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು. ಅವರ ಸಾಲಿಯ ಗೋಡೆ ಮೇಲೆ ಆ ನಂಬರಿನ ಕಾಗದ ಅಂಟಿಸಿದ್ದವಳು ಅವಳೇ ಅಂತೆ. ಕನ್ನಡದಲ್ಲೇ ಮಾತಾಡಿದರು. ಅವತ್ತು ಒಂದು ಮಾತು ಕಲಿತೆವು. ಸಾಯಬೇಕು ಅನಿಸ್ತದೇನು ಅಂತ ಮಗುವನ್ನು ನೇರವಾಗಿ ಕೇಳಬಹುದು, ಕೇಳಿದ್ದರಿಂದ ಆ ವಿಚಾರ ತಲೆಗೆ ಹೊಕ್ಕುವುದಿಲ್ಲ. ಕೇಳುವವರು ಯಾರೂ ಇಲ್ಲ ಅನ್ನುವುದೇ ಹೆಚ್ಚು ಅಪಾಯ. ಮನೆಯಲ್ಲಿ ಏನೇನು ಎತ್ತಿಡಬೇಕು, ರಾತ್ರಿ ಒಬ್ಬನನ್ನೇ ಬಿಡಬಾರದು, ನಾಳೆಯೇ ಮನೋರೋಗ ತಜ್ಞರಿಗೆ ತೋರಿಸಿ ಅಂತ ಹೇಳಿದರು. ಹೆಂಡತಿ ಹೋಗಿ ಕೇಳಿದಳು. ನಾನು ಬಾಗಿಲ ಹೊರಗೆ ನಿಂತಿದ್ದೆ. ಅವ "ಹೂಂ" ಅಂದದ್ದು ಕೇಳಿಸಿತು.

ಊರಿನ ಡಾಕ್ಟರು ಖಿನ್ನತೆ ಅಂದರು. ಗುಳಿಗೆ ಶುರು ಮಾಡಿದರು, ವಾರಕ್ಕೆ ಒಮ್ಮೆ ಬರಹೇಳಿದರು. ಎರಡು ವಾರ ಕಳೆದ ಮೇಲೆ ಒಂದು ರಾತ್ರಿ ಬಂತು, ಅದನ್ನು ಬರೆಯುವುದಿಲ್ಲ. ಬೆಳಗಾದ ಮೇಲೆ ಡಾಕ್ಟರು "ಇನ್ನ ಮನ್ಯಾಗ ಇಟ್ಟು ನೋಡೋದು ಆಗೋದಿಲ್ರಿ, ಅಡ್ಮಿಟ್ ಮಾಡಬೇಕು" ಅಂದರು. ಹದಿನಾರರ ಹುಡುಗನನ್ನು ದೊಡ್ಡವರ ವಾರ್ಡಿಗೆ ಹಾಕುವಂತಿಲ್ಲ, ಕಾನೂನಿನಲ್ಲೇ ಮಕ್ಕಳಿಗೆ ಬೇರೆ ಜಾಗ ಇರಬೇಕು ಅಂತದ. ನಾವು ತೋರಿಸುತ್ತಿದ್ದ ಕಡೆ ಅಂಥ ವಾರ್ಡ್ ಇರಲಿಲ್ಲ. ಧಾರವಾಡದ ಮಾತು ಬಂತು, ಕೊನೆಗೆ ಬೆಂಗಳೂರು ಅಂತಾಯಿತು. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ಬಂದು ಹತ್ತು ವರ್ಷ ದಾಟಿತು. ಸೀಟು, ನೌಕರಿ, ಮೀಸಲಾತಿ ಅಂತ ಗಂಜಿನಲ್ಲಿ ದಿನಾ ಚರ್ಚೆ ಮಾಡುತ್ತೇವೆ. ಒಂದು ವಾರ್ಡಿಗಾಗಿ ರಾತ್ರಿಯೆಲ್ಲ ರೈಲಿನಲ್ಲಿ ಕೂಡಬೇಕಾಗುತ್ತದೆ ಅನ್ನುವುದು ಯಾರ ಬಾಯಲ್ಲೂ ಬಂದದ್ದಿಲ್ಲ, ನನ್ನದರಲ್ಲೂ.

ಇಲ್ಲಿ ಒಂದು ಕಬೂಲಿ ಮಾಡಬೇಕು. ಅಡ್ಮಿಟ್ ಅಂದ ಕೂಡಲೇ ನನಗೆ ಹಗುರಾಯಿತು. ಹಾಸ್ಟೆಲ್ಲಿಗೆ ಬಿಟ್ಟು ಬಂದ ಹಾಗೆ ಸಹಿ ಹಾಕಿ, ದುಡ್ಡು ಕಟ್ಟಿ, ರಾತ್ರಿ ರೈಲಿಗೆ ವಾಪಸ್ ಬರುವುದು, ಅವರು ರಿಪೇರಿ ಮಾಡಿ ಕೊಡುವುದು ಅಂತ ತಿಳಿದಿದ್ದೆ. ಬ್ಯಾಗಿನಲ್ಲಿ ನನಗೆ ಅಂತ ಒಂದೇ ಜೊತೆ ಬಟ್ಟೆ ಇಟ್ಟುಕೊಂಡಿದ್ದೆ.

ಬೆಂಗಳೂರಿನ ಮೇಲಿಂದ ಹೋಗುವ ಹಾಸನ ರೈಲಿಗೆ ಹೊರಟೆವು, ನಾನು, ಹೆಂಡತಿ, ಅವ. ಕಟಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಯಾದಗಿರಿ ದಾಟಿ ಕೃಷ್ಣಾ ಸೇತುವೆ ಬಂದಾಗ ಬೋಗಿಯವರು ಕಿಟಕಿಯಿಂದ ಚಿಲ್ಲರೆ ಎಸೆದರು. ಹೆಂಡತಿ ಅವನ ಕೈಗೆ ಒಂದು ರೂಪಾಯಿ ಕೊಟ್ಟಳು. ಅವ ಅದನ್ನು ಎಸೆಯಲಿಲ್ಲ, ಮುಷ್ಟಿಯಲ್ಲಿ ಹಿಡಿದುಕೊಂಡೇ ಮಲಗಿದ.

ಬೆಂಗಳೂರಿನಲ್ಲಿ ಇಬ್ಬರು ಡಾಕ್ಟರು ಅವನನ್ನು ಬೇರೆ ಬೇರೆಯಾಗಿ ನೋಡಿದರು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017. ಅದರ 87ನೇ ಕಲಮಿನ ಪ್ರಕಾರ ಹದಿನೆಂಟರೊಳಗಿನವರನ್ನು ಸೇರಿಸಿಕೊಳ್ಳಬೇಕಾದರೆ ಇಬ್ಬರು ಒಬ್ಬರಿಗೊಬ್ಬರು ಕೇಳದೆ ಪರೀಕ್ಷೆ ಮಾಡಿ, ಇವನಿಗೆ ಒಳಗಿನ ಚಿಕಿತ್ಸೆಯೇ ಬೇಕು, ಹೊರಗಿಂದ ನೋಡಿದರೆ ಸಾಲದು ಅಂತ ಬರೆಯಬೇಕು. ಸೇರಿಸಿಕೊಂಡ ಸುದ್ದಿಯನ್ನು 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ನಾನು ಕಾಗದ ಓದುವವ, ಎಲ್ಲ ಓದಿದೆ. ಸಹಿ ಹಾಕಿ ಪೆನ್ನು ಕಿಸೆಗೆ ಇಡುವಷ್ಟರಲ್ಲಿ ಸಮಾಜ ಕಾರ್ಯಕರ್ತೆ ಕೇಳಿದರು: "ನಿಮ್ಮಿಬ್ಬರಲ್ಲಿ ಯಾರು ಉಳಿತೀರಾ?"

"ಎಲ್ಲಿ ಉಳಿಯೋದ್ರಿ?"

"ಇಲ್ಲೇ, ಅವನ ಜೊತೆ. ಡಿಸ್ಚಾರ್ಜ್ ಆಗೋ ತನಕ."

ಅದೂ ಕಾನೂನೇ. ಮಗು ಒಳಗಿದ್ದಷ್ಟು ದಿನ ತಂದೆ-ತಾಯಿಯೋ ಅವರ ಕಡೆಯವರೋ ಒಬ್ಬರು ಜೊತೆಗೆ ಇರಲೇಬೇಕು. ಹೆಣ್ಣುಮಗುವಾದರೆ ಹೆಂಗಸೇ ಇರಬೇಕು. ನನ್ನ ಹೆಂಡತಿಗೆ ಸಾಲಿ ಶುರುವಾಗಲಿಕ್ಕೆ ಬಂದಿತ್ತು, ರಜೆ ಉಳಿದಿರಲಿಲ್ಲ. ನಮ್ಮ ಕಡೆ ತೊಗರಿ ಸುಗ್ಗಿ ಮುಗಿದಿತ್ತು. ಸಾವಕಾರರಿಗೆ ಫೋನ್ ಮಾಡಿದೆ. "ಹುಡುಗನ್ನ ನೋಡಿಕೋ ಮಾರಾಯಾ, ಖಾತಿ ಎಲ್ಲಿ ಓಡಿ ಹೋಗ್ತದ" ಅಂದರು. ಒಂದು ಜೊತೆ ಬಟ್ಟೆಯಲ್ಲಿ ನಾನು ಭರ್ತಿಯಾದೆ.

ಒಳಗೆ ಹೋಗುವಾಗ ಅವನ ಬೆಲ್ಟು, ಬೂಟಿನ ಲೇಸು, ಇಯರ್‌ಫೋನ್ ವೈರು ತೆಗೆದಿಟ್ಟರು. ನನ್ನ ದಾಡಿ ಸಾಮಾನು, ಉಗುರು ಕತ್ತರಿಸುವುದು ಕೂಡ. ಅವನಿಗೆ ಮಂಚ, ನನಗೆ ಅದರ ಬಾಜೂಕ್ಕೆ ನೆಲದ ಮೇಲೆ ಚಾಪೆ. ಅವ ಆರು ವರ್ಷದವನಾದ ಮೇಲೆ ನಾವಿಬ್ಬರೂ ಒಂದೇ ಕೋಣೆಯಲ್ಲಿ ಮಲಗಿದ್ದಿಲ್ಲ. ನಿದ್ದೆಯಲ್ಲಿ ಹಲ್ಲು ಕಡಿಯುತ್ತಾನೆ ಅಂತ ಗೊತ್ತಾಯಿತು. ದಿನಾ ಹೊರಗಿನಿಂದ ಎರಡು ಚಹಾ ತರುತ್ತಿದ್ದೆ, ಅವನದು ಹಂಗೇ ಆರಿ ಹೋಗುತ್ತಿತ್ತು, ಮೂರು ದಿನ ಎರಡನ್ನೂ ನಾನೇ ಕುಡಿದೆ. ಅವ ಚಹಾ ಬಿಟ್ಟು ಒಂದು ವರ್ಷವಾಗಿತ್ತಂತೆ. ಎದುರಿನ ಮಂಚದ ಹುಡುಗನಿಗೆ ಅದು ಎರಡನೇ ದಿನವೇ ಗೊತ್ತಿತ್ತು.

ಭಾಷೆಯದೂ ಒಂದು ತ್ರಾಸು. ಎಳೆಯ ಡಾಕ್ಟರೊಬ್ಬರು ದಿನಾ ಪ್ರೀತಿಯಿಂದ ಕೇಳುತ್ತಿದ್ದರು, "ಬೇಜಾರ್ ಆಗುತ್ತಾ?" ಅವ ಇಲ್ಲ ಅನ್ನುತ್ತಿದ್ದ. ಅವನಿಗೆ ಬೇಜಾರು ಅಂದರೆ ಸಿನೆಮಾ ಚಲೋ ಇಲ್ಲದಿದ್ದರೆ ಆಗುವಂಥದ್ದು. ಬೀದರ್ ಕಡೆಯ ಒಬ್ಬ ನರ್ಸಮ್ಮ ಇದ್ದರು. ಗುಳಿಗೆ ಕೊಡುತ್ತ, "ಜೀವ ಬ್ಯಾಸತ್ತದೇನೋ ತಮ್ಮಾ?" ಅಂದರು. ಅವ ಅವರ ಮುಖ ನೋಡಿ, "ಭಾಳ, ಅಕ್ಕಾ" ಅಂದ. ಅವತ್ತಿನಿಂದ ಡಾಕ್ಟರೂ ಹಂಗೇ ಕೇಳತೊಡಗಿದರು. ಬೆಂಗಳೂರು ನಾಲಿಗೆಯಲ್ಲಿ ಅದು ಬೇರೆಯೇ ಆಗಿ ಕೇಳಿಸುತ್ತಿತ್ತು, ಅವ ನಕ್ಕ. ಬಂದ ಮೇಲೆ ನಕ್ಕಿದ್ದು ಅದೇ ಮೊದಲು.

ನಾಲ್ಕನೇ ದಿನ "ಮನಿಗಿ ಹೋಗಮು ಅಪ್ಪಾ" ಅಂತ ಹಿಡಿದ. ಬೆಳಗಿನಿಂದ ರಾತ್ರಿಯ ತನಕ ಅದೊಂದೇ ಮಾತು. ನಾನು ಡಿಸ್ಚಾರ್ಜ್ ಅರ್ಜಿ ಬರೆದೇ ಬಿಟ್ಟೆ. ತಂದೆ ಕೇಳಿದರೆ ಅವರು ಬಿಡಲೇಬೇಕು. ಹಿರಿಯ ಡಾಕ್ಟರಮ್ಮ ಅದನ್ನು ಓದಿ, ತಡೆಯಲಿಲ್ಲ. "ನಿಮ್ಮ ಹಕ್ಕು. ಮನೆಗೆ ಹೋದ ಮೇಲೆ ರಾತ್ರಿ ಎರಡರಿಂದ ಐದರ ತನಕ ಯಾರು ಎಚ್ಚರ ಇರ್ತೀರಾ, ಅಷ್ಟು ಹೇಳಿ" ಅಂದರು. ಗುಳಿಗೆ ಕೆಲಸ ಮಾಡಲಿಕ್ಕೆ ಎರಡು-ನಾಲ್ಕು ವಾರವಾದರೂ ಬೇಕು, ಈ ವಯಸ್ಸಿನಲ್ಲಿ ಮೊದಲ ವಾರಗಳಲ್ಲೇ ಕೆಲವರಿಗೆ ತಳಮಳ ಹೆಚ್ಚಾಗುವುದುಂಟು, 2004ರಲ್ಲಿ ಅಮೆರಿಕದಲ್ಲಿ ಗುಳಿಗೆಯ ಮಾಹಿತಿ ಹಾಳೆಯಲ್ಲಿ ಕಪ್ಪು ಚೌಕಟ್ಟು ಹಾಕಿ ಆ ಎಚ್ಚರಿಕೆ ಅಚ್ಚು ಮಾಡಬೇಕು ಅಂತ ಆದೇಶ ಮಾಡಿದರು, ಹೆದರಿ ಬಿಡುವಂಥದ್ದಲ್ಲ, ಕಣ್ಣಿಟ್ಟು ಕಾಯುವಂಥದ್ದು ಅಂತ ಬಿಡಿಸಿ ಹೇಳಿದರು. ಅರ್ಜಿ ಮಡಚಿ ಕಿಸೆಗೆ ಹಾಕಿಕೊಂಡೆ. ಈಗಲೂ ನನ್ನ ಖಾತೆ ಪುಸ್ತಕದಲ್ಲಿ ಅದ.

ಮೈಯೊಳಗೆ ಗುಳಿಗೆ ಏನು ಮಾಡಿತೋ, ನನಗೆ ಕಣ್ಣಿಗೆ ಕಂಡದ್ದು ಒಂದು ಹಾಳೆ. ದಿನವನ್ನು ಅರ್ಧರ್ಧ ಗಂಟೆಯಾಗಿ ಹಂಚಿ, ಆಗ ಏನು ಮಾಡಿದೆ, ಮನಸ್ಸು ಹತ್ತಕ್ಕೆ ಎಷ್ಟಿತ್ತು ಅಂತ ಅವನೇ ತುಂಬಬೇಕು. ಗೆರೆ ಹಾಕಿ ಕೊಡುವ ಕೆಲಸ ನಾನು ಕೇಳಿ ಇಸಿದುಕೊಂಡೆ. ಇಪ್ಪತ್ತಾರು ವರ್ಷ ಅದೇ ಕೆಲಸ, ಸ್ಕೇಲ್ ಇಲ್ಲದೆ ನೆಟ್ಟಗೆ ಹಾಕುತ್ತೇನೆ. ಮೊದಲ ದಿನಗಳಲ್ಲಿ ಎಲ್ಲ ಕಡೆ 1, 2, 1. ವಾರ ಕಳೆದ ಮೇಲೆ ಸಂಜೆ ಹುಡುಗರ ಜೊತೆ ಚೆಂಡಾಟದ ಹೊತ್ತಿಗೆ 5 ಬಂತು. ಲೆಕ್ಕ ನೋಡುವ ಚಾಳಿ, ಮೇಲಿಂದ ಕೆಳಗೆ ಬೆರಳಿಟ್ಟು ಓದುತ್ತ ಬಂದೆ.

4.00: ಅಪ್ಪ ಮಾತಾಡಿದರು. 1.

4.30: ಅಪ್ಪ ಬಾಜೂ ಸುಮ್ಮ ಕೂತಿದ್ದರು. 4.

ಒಂದೇ ದಿನದ್ದಾಗಿದ್ದರೆ ತಪ್ಪಿ ಬರೆದಾನೆ ಅನ್ನಬಹುದಿತ್ತು. ಹಿಂದಿನ ಹಾಳೆ ತೆಗೆದೆ, ಅದರ ಹಿಂದಿನದೂ. ನಾನು ಬಾಯಿ ಬಿಟ್ಟಾಗಲೆಲ್ಲ ಎರಡೋ ಮೂರೋ ಖರ್ಚು ಬಿದ್ದಿತ್ತು. ಏನು ಮಾತಾಡುತ್ತಿದ್ದೆ ಅಂತ ನೆನೆಸಿಕೊಂಡೆ. "ಮುಂದಿನ ವರ್ಷ" ಅಂತಲೇ ಶುರುವಾಗುತ್ತಿದ್ದವು ನನ್ನ ಮಾತು. ಕುಟುಂಬದವರನ್ನು ಕೂಡಿಸಿ ಮಾತಾಡಿಸುವ ದಿನ ಡಾಕ್ಟರಮ್ಮ ಅದೇ ಹಾಳೆ ಮೇಜಿನ ಮೇಲಿಟ್ಟರು. ಹೆಂಡತಿ ಊರಿನಿಂದ ಫೋನಿನಲ್ಲಿದ್ದಳು. ನನಗೆ ಹೇಳಲಿಕ್ಕೆ ಏನೂ ಇರಲಿಲ್ಲ. ಬರೆದ ಕೀರ್ದಿ ಮುಂದೆ ವಾದ ನಡೆಯುವುದಿಲ್ಲ.

ಪಾಲಕರೆಲ್ಲ ವಾರಕ್ಕೊಮ್ಮೆ ಸುತ್ತ ಕೂಡುತ್ತಿದ್ದೆವು. ಸಿಂಧನೂರು ಕಡೆಯ ಒಬ್ಬ ತಾಯಿ, ಮಗಳು ಊಟ ಬಿಟ್ಟಿದ್ದಳು. ತುಮಕೂರಿನ ಒಬ್ಬ ಲಾರಿ ಡ್ರೈವರ್. ಎಲ್ಲರೂ ಮೊದಲು ಹೇಳುತ್ತಿದ್ದದ್ದು "ನಮ್ಮ ವಂಶದಲ್ಲಿ ಯಾರಿಗೂ ಇಲ್ಲ" ಅಂತ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರೊಳಗೆ ನೂರಕ್ಕೆ 7.3 ಮಂದಿಗೆ ಒಂದಿಲ್ಲೊಂದು ಮಾನಸಿಕ ತೊಂದರೆ ಕಂಡುಬಂತು ಅಂತ ಅಲ್ಲಿ ಕೇಳಿದೆ. ತಲೆಯಲ್ಲೇ ಭಾಗಿಸಿದೆ. ಅರವತ್ತು ಹುಡುಗರ ಕ್ಲಾಸಿಗೆ ನಾಲ್ಕು. ಅವನ ಹಾಸ್ಟೆಲಿನಲ್ಲಿ ಆರುನೂರು ಹುಡುಗರಿದ್ದರು.

ಹೆಂಡತಿಯ ಚಿಕ್ಕಪ್ಪನ ಮಗ ಡಲ್ಲಾಸ್‌ನಲ್ಲಿದ್ದಾನೆ. ಅಲ್ಲಿ ಹಾದಿ ತಪ್ಪಿದ ಹುಡುಗರಿಗೆ ಅಂತಲೇ ರೆಸಿಡೆನ್ಷಿಯಲ್ ಸೆಂಟರುಗಳಿವೆ, ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತಾರೆ, ತಂದೆತಾಯಿ ಮನೆಯಲ್ಲೇ ಇರುತ್ತಾರೆ ಅಂತ ಫೋನಿನಲ್ಲಿ ಹೇಳಿದ. ಅವುಗಳಲ್ಲಿ ಚಲೋ ಇದ್ದವೂ ಇವೆ. ಕೆಲವು ಕಡೆ ಮಕ್ಕಳನ್ನು ಕಟ್ಟಿಹಾಕುವುದು, ಒಂಟಿಯಾಗಿ ಕೂಡುಹಾಕುವುದು ನಡೆದು, ಅಲ್ಲಿ ಬೆಳೆದು ಹೊರಬಂದವರೇ ವರ್ಷಗಟ್ಟಲೆ ಬಡಿದಾಡಿದ ಮೇಲೆ 2024ರ ಡಿಸೆಂಬರ್‌ನಲ್ಲಿ ಅದರ ಮೇಲೊಂದು ಕಾನೂನು ಬಂತಂತೆ. ಅದನ್ನು ಕೇಳುವಾಗ ನನಗೆ ನನ್ನ ಒಂದು ಜೊತೆ ಬಟ್ಟೆ ನೆನಪಾಯಿತು. ಇಲ್ಲಿಯೂ ಹಂಗೇ ಬಿಟ್ಟು ಹೋಗಬಹುದಿದ್ದರೆ ನಾನು ಬಿಟ್ಟು ಹೋಗುತ್ತಿದ್ದೆ, ಅದರಲ್ಲಿ ಅನುಮಾನವಿಲ್ಲ.

ಇಪ್ಪತ್ತಾರನೇ ದಿನ ಕಳಿಸಿದರು. ಕೈಯಲ್ಲಿ ಗುಳಿಗೆ ಚೀಟಿಯ ಜೊತೆ ಅವನೇ ಬರೆದ ಒಂದು ಕಾಗದ. ಮನಸ್ಸು ಕೆಡುತ್ತಿದೆ ಅನಿಸಿದಾಗ ಒಂದಾದ ಮೇಲೊಂದು ಏನು ಮಾಡಬೇಕು ಅಂತ ಏಳು ಸಾಲು. ಕೊನೆಯ ಸಾಲಿನಲ್ಲಿ 14416, ಡಾಕ್ಟರ ನಂಬರು. ಮೂರನೆಯ ಸಾಲು: "ಅಪ್ಪನ ಬಾಜೂ ಹೋಗಿ ಕೂಡೋದು. ಅಪ್ಪ ಏನೂ ಕೇಳಬಾರದು."

ಊರಿಗೆ ಬಂದ ಮೇಲೆ ಜನ "ಪೂರ್ತಿ ಆರಾಮ ಆಯ್ತಲ್ಲ?" ಅಂತ ಕೇಳುತ್ತಾರೆ. ಗುಳಿಗೆ ನಡೆದಿದೆ. ಆರಾಮ ಅನಿಸಿದ ಮೇಲೂ ತಿಂಗಳುಗಟ್ಟಲೆ ತಿನ್ನಬೇಕು, ನಾವೇ ಬಿಡುವಂತಿಲ್ಲ. ಎರಡು ತಿಂಗಳಿಗೊಮ್ಮೆ ಅದೇ ಹಾಸನ ರೈಲು. ನವರಾತ್ರಿಯಲ್ಲಿ ಒಂದು ವಾರ ಮತ್ತೆ ಮುಸುಕು ಹೊದ್ದು ಮಲಗಿದ, ನಾವು ಮತ್ತೆ ರಾತ್ರಿ ಪಾಳಿ ಹಾಕಿಕೊಂಡೆವು. ಆ ಕಾಲೇಜಿನಿಂದ ಫೀಸು ವಾಪಸ್ ಬರಲಿಲ್ಲ. ಎರಡನೇ ವರ್ಷದ ಕಂತು ಕಟ್ಟಿ ಅಂತ ಮೆಸೇಜು ಮಾತ್ರ ಆಗಸ್ಟ್ ತನಕ ಬಂತು. ಒಂದು ವರ್ಷ ಹೋಯ್ತು ಅಂತ ನೆಂಟರು ಹಳಹಳಿಸುತ್ತಾರೆ. ಅವ ಇಲ್ಲೇ ಊರಿನ ಕಾಲೇಜಿನಲ್ಲಿ ಕಾಮರ್ಸ್ ತೆಗೆದುಕೊಂಡ, ಮೊದಲ ವರ್ಷದಿಂದ. ಸೇಡಂ ಕಡೆಯ ನೆಂಟರೊಬ್ಬರು ತಮ್ಮ ಮಗಳ ವಿಷಯ ಗುಟ್ಟಾಗಿ ಕೇಳಿದರು. ಮನೋಚೈತನ್ಯ ಅಂತ, ಗೊತ್ತುಮಾಡಿದ ಮಂಗಳವಾರ ತಾಲ್ಲೂಕು ದವಾಖಾನೆಗೇ ಮನೋರೋಗದ ಡಾಕ್ಟರು ಬರುತ್ತಾರೆ, ಮೊದಲು ಅಲ್ಲಿಗೆ ಹೋಗಿ ಅಂದೆ. ಬ್ಯಾಗಿನಲ್ಲಿ ನಾಲ್ಕು ಜೊತೆ ಬಟ್ಟೆ ಇಟ್ಟುಕೊಳ್ಳಿ ಅಂತಲೂ ಅಂದೆ, ಅವರಿಗೆ ಅರ್ಥವಾಗಲಿಲ್ಲ.

ಹೋದ ಶುಕ್ರವಾರ ಮಧ್ಯಾಹ್ನ ಮೂರರ ಸುಮಾರಿಗೆ ಅವ ಅಂಗಡಿಗೆ ಬಂದ. ಕಾಲೇಜು ಇತ್ತು, ಬಿಟ್ಟು ಬಂದಿದ್ದ. ಅರ್ಧ ತೋಳಿನ ಅಂಗಿ. ಏನೂ ಅನ್ನದೆ ಗಾದಿಯ ಮೇಲೆ ನನ್ನ ಬಾಜೂ ಕೂತ. ನಾಲಿಗೆ ತುದಿಗೆ ಹತ್ತು ಪ್ರಶ್ನೆ ಬಂದವು. ತೂಕದ ಚೀಟಿಗಳನ್ನು ಮುಂದೆ ಎಳೆದುಕೊಂಡು ಬರೆಯುತ್ತ ಹೋದೆ. ಮುಕ್ಕಾಲು ತಾಸು ಆಗಿರಬೇಕು. ಹಮಾಲರು ಎರಡು ಲಾರಿ ಖಾಲಿ ಮಾಡಿದರು, ಧೂಳಿಗೆ ಅವ ಒಮ್ಮೆ ಸೀನಿದ.

"ಇವತ್ತ ತೊಗರಿ ಏನ್ ರೇಟ್ ನಡದದ ಅಪ್ಪಾ?" ಅಂದ.

ಹೇಳಿದೆ.